ಸೂಜಿ-ದಾರ: ಅಜ್ಜಿಯ ಸೀರೆ ಭೋಗಿಯ ಬೆಂಕಿಗಲ್ಲ, ಕೌದಿಗೆ!



ಹೊಸ ವರ್ಷದ ಕ್ಯಾಲೆಂಡರ್ ಗೋಡೆಗೇರುವ ಹೊತ್ತಿಗೆ ಚೆನ್ನೈನ ಮನೆಮನೆಗಳಲ್ಲೂ ಒಂದು ಕೆಲಸ ಶುರುವಾಗುತ್ತದೆ. ಅಟ್ಟದ ಮೇಲಿನ ಗಂಟು, ಬೀರುವಿನ ಕೆಳಖಾನೆ, ಮಂಚದ ಕೆಳಗಿನ ಟ್ರಂಕು ಎಲ್ಲವನ್ನೂ ಹೊರಗೆಳೆದು "ಇದು ಬೇಕು, ಇದು ಬೇಡ" ಎಂದು ವಿಂಗಡಿಸುವ ಕೆಲಸ. ಬೇಡದ ರಾಶಿಯಲ್ಲಿ ಹಳೆಯ ನೂಲಿನ ಸೀರೆಗಳದ್ದೇ ದೊಡ್ಡ ಪಾಲು. ಅವುಗಳಲ್ಲಿ ಕೆಲವು ಸ್ಟೀಲ್ ಪಾತ್ರೆಗೆ ಬದಲಾಗಿ ಹೋಗುತ್ತವೆ, ಕೆಲವು ನೆಲ ಒರೆಸುವ ಬಟ್ಟೆಯಾಗುತ್ತವೆ. ಉಳಿದವು ಸಂಕ್ರಾಂತಿಯ ಹಿಂದಿನ ದಿನ, ಭೋಗಿಯ ಬೆಳಗಿನ ಜಾವ, ಬೀದಿಯ ಬೆಂಕಿಗೆ ಬೀಳುತ್ತವೆ.

ಹಳೆಯದು ಕಳೆಯಲಿ, ಹೊಸದು ಬರಲಿ ಎಂಬುದು ನಾವು ಬಾಳುತ್ತಿರುವ ಈ ತಮಿಳು ನಾಡಿನಲ್ಲಿ ಭೋಗಿಯ ಆಶಯ. ಆಶಯ ಒಳ್ಳೆಯದೇ. ಆದರೆ ಟೈರು, ಪ್ಲಾಸ್ಟಿಕ್, ಬಟ್ಟೆ ಎಲ್ಲವೂ ಒಟ್ಟಿಗೆ ಉರಿದಾಗ ಏನಾಗುತ್ತದೆಂದು ನಿಮಗೇ ಗೊತ್ತು. 2018ರ ಭೋಗಿಯಂದು ಹೊಗೆ ಮಂಜಿನ ಜೊತೆ ಸೇರಿ ಎಷ್ಟು ದಟ್ಟವಾಯಿತೆಂದರೆ, ಚೆನ್ನೈ ವಿಮಾನ ನಿಲ್ದಾಣದಲ್ಲಿ ಅನೇಕ ವಿಮಾನಗಳು ತಡವಾದವು, ಕೆಲವು ಬೇರೆ ಊರುಗಳಿಗೆ ಹೋಗಿ ಇಳಿದವು. ನಮ್ಮ ಉತ್ತರ ಕರ್ನಾಟಕದಲ್ಲೂ ಅದೇ ದಿನ ಭೋಗಿ ಹಬ್ಬವಿದೆ. ಅಲ್ಲಿ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಯದೇ ಸಂಭ್ರಮ. ಅಲ್ಲಿನ ಅಜ್ಜಿಯರು ಹಳೆಯ ಸೀರೆಯನ್ನು ಅಷ್ಟು ಸುಲಭವಾಗಿ ಕೈಬಿಡುವವರಲ್ಲ. ಅವರು ಅದನ್ನು ಕೌದಿ ಮಾಡುತ್ತಾರೆ.

ಈ ಸಲದ ಅಂಕಣ ಆ ಕೌದಿಯ ಬಗ್ಗೆ. ಹಬ್ಬಕ್ಕೆ ಏನು ಉಡುಗೊರೆ ಕೊಡಲಿ ಎಂದು ನಿಮ್ಮಲ್ಲಿ ಹಲವರು ಕೇಳುತ್ತಿರುತ್ತೀರಿ. ಅಂಗಡಿಯಲ್ಲಿ ಸಿಗದ ಮೂರು ಉಡುಗೊರೆಗಳನ್ನೂ ಇಲ್ಲಿ ಹೇಳಿದ್ದೇನೆ.

ಕೌದಿ ಎಂದರೇನು?

ಹಳೆ ಮೈಸೂರಿನ ಕಡೆಯಿಂದ ಬಂದ ಮನೆಗಳಲ್ಲಿ ಈ ಪದ ಅಷ್ಟಾಗಿ ಕಿವಿಗೆ ಬಿದ್ದಿರಲಿಕ್ಕಿಲ್ಲ. ಧಾರವಾಡ, ಬೆಳಗಾವಿ, ವಿಜಯಪುರ, ಬಾಗಲಕೋಟೆ, ಗದಗಿನ ಕಡೆಯವರ ಮನೆಯಲ್ಲಾದರೆ ಕೇಳಿ ನೋಡಿ, ಅಜ್ಜಿಯ ಮುಖ ಅರಳುತ್ತದೆ. ಉಟ್ಟು ಉಟ್ಟು ಮೆತ್ತಗಾದ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನಿಟ್ಟು, ಇಡೀ ಬಟ್ಟೆಯ ಮೇಲೆ ಸಾಲು ಸಾಲಾಗಿ ಕೈಹೊಲಿಗೆ ಹಾಕಿದ ಹೊದಿಕೆಯೇ ಕೌದಿ. ಹತ್ತಿ ತುಂಬುವುದಿಲ್ಲ, ಸ್ಪಂಜು ಸೇರಿಸುವುದಿಲ್ಲ. ಪದರಗಳ ನಡುವೆ ನಿಲ್ಲುವ ಗಾಳಿಯೇ ಅದರ ಬೆಚ್ಚಗು. ಹಾಸಲೂ ಬರುತ್ತದೆ, ಹೊದೆಯಲೂ ಬರುತ್ತದೆ. ಬಾಣಂತಿ ಮನೆಯಲ್ಲಿ ಕೂಸನ್ನು ಮಲಗಿಸುವುದೂ ಅದರ ಮೇಲೆಯೇ. ಹೊಸ ಬಟ್ಟೆಯ ಒರಟು ಕೂಸಿನ ಮೈಗೆ ತಾಗಬಾರದಲ್ಲವೇ?

ಇದು ನಮ್ಮಲ್ಲಿ ಮಾತ್ರ ಇರುವ ಕಲೆಯಲ್ಲ. ಮಹಾರಾಷ್ಟ್ರದಲ್ಲಿ ಇದೇ ಗೋಧಡಿ, ಬಿಹಾರದಲ್ಲಿ ಸುಜನಿ, ಸಿಂಧ್-ರಾಜಸ್ಥಾನದಲ್ಲಿ ರಲ್ಲಿ, ಬಂಗಾಳದಲ್ಲಿ ಕಾಂಥಾ. ಈ ಕಾಂಥಾಕ್ಕೆ ಮೂಲವಾದ ಸಂಸ್ಕೃತದ 'ಕಂಥಾ' ಎಂದರೆ ತೇಪೆ ಹಾಕಿದ ಬಟ್ಟೆ. ಅದೇ ಪದ ನಮ್ಮ ಕನ್ನಡದಲ್ಲಿ 'ಕಂತೆ' ಎಂದು ಉಳಿದಿದೆ. ಮುಂದಿನ ಸಲ ಯಾರಾದರೂ "ಅಂತೆ ಕಂತೆ" ಎಂದಾಗ ಒಂದು ಕೌದಿಯನ್ನೂ ನೆನಪಿಸಿಕೊಳ್ಳಿ!

ಯಲ್ಲಾಪುರದಿಂದ ನ್ಯೂಯಾರ್ಕಿಗೆ

ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಕಾಡಂಚಿನ ಹಳ್ಳಿಗಳಲ್ಲಿ ಸಿದ್ದಿ ಜನ ವಾಸಿಸುತ್ತಾರೆ. ಅವರ ಪೂರ್ವಜರು ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರು. ಹಲವರನ್ನು ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದಿದ್ದರು. ಅಲ್ಲಿಂದ ತಪ್ಪಿಸಿಕೊಂಡವರು ನಮ್ಮ ಮಲೆನಾಡಿನ ಕಾಡು ಸೇರಿದರು. ಇಂದು ಅವರ ಮನೆಮಾತು ಕನ್ನಡ, ಕೊಂಕಣಿ, ಮರಾಠಿಗಳ ಜೊತೆ ಬೆರೆತಿದೆ. 2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು.

ಸಿದ್ದಿ ಹೆಂಗಸರ ಕೌದಿಯನ್ನು ಒಮ್ಮೆ ನೋಡಿದರೆ ಮರೆಯಲಾಗದು. ಕೆಂಪು, ಹಳದಿ, ನೀಲಿ, ಗುಲಾಬಿ ತುಂಡುಗಳು ಚೌಕಾಕಾರದಲ್ಲೂ ಪಟ್ಟೆಗಳಲ್ಲೂ ಕುಣಿಯುತ್ತಿರುತ್ತವೆ. ಅವರು ಮೊದಲೇ ನಕ್ಷೆ ಬರೆದುಕೊಳ್ಳುವುದಿಲ್ಲ. ಒಂದು ಮೂಲೆಯಿಂದ ಆರಂಭಿಸಿ, ಅಂಚಿನುದ್ದಕ್ಕೂ ಸುತ್ತುತ್ತಾ, ತುಂಡು ಸೇರಿಸುತ್ತಾ, ಹೊಲಿಯುತ್ತಾ ಒಳಗೊಳಗೆ ಬಂದು ನಡುವಿನಲ್ಲಿ ಮುಗಿಸುತ್ತಾರೆ. ಕೊನೆಗೆ ನಾಲ್ಕೂ ಮೂಲೆಗೆ ಮಡಿಸಿದ ತ್ರಿಕೋನದ ಬಟ್ಟೆ ಕೂಡಿಸುತ್ತಾರೆ. ಅದಕ್ಕೆ 'ಫೂಲ', ಅಂದರೆ ಹೂವು, ಎಂದು ಹೆಸರು. ಹೂವಿಲ್ಲದ ಕೌದಿ ಅವರ ಲೆಕ್ಕದಲ್ಲಿ ಬೆತ್ತಲೆ ಕೌದಿ!

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇವುಗಳನ್ನು ಅಧ್ಯಯನ ಮಾಡಿದರು. ಕೆಂಡಲಗೇರಿಯ ಸಿದ್ದಿ ಹೆಂಗಸರು 2004ರಲ್ಲಿ ತಮ್ಮದೇ ಕೌದಿ ಸಹಕಾರ ಸಂಘ ಕಟ್ಟಿಕೊಂಡರು. 2011ರಲ್ಲಿ ಅವರ ಕೌದಿಗಳು ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರುವ ಶೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು. ಅದಕ್ಕೂ ಮೊದಲೇ, 2002ರಲ್ಲಿ, ಅಮೆರಿಕದ ಅಲಬಾಮಾ ರಾಜ್ಯದ ಗೀಸ್ ಬೆಂಡ್ ಎಂಬ ಪುಟ್ಟ ಹಳ್ಳಿಯ ಕಪ್ಪು ಹೆಂಗಸರ ಹೊದಿಕೆಗಳು ಹೂಸ್ಟನ್ನಿನ ಕಲಾ ಸಂಗ್ರಹಾಲಯಕ್ಕೆ ಬಂದಿದ್ದವು. ಅವರೂ ಗುಲಾಮರ ವಂಶಸ್ಥರು. ಹಳೆಯ ಹೊಲದ ಪ್ಯಾಂಟು, ಅಂಗಿಗಳಿಂದಲೇ ಹೊಲಿದವರು. 2006ರಲ್ಲಿ ಅವರ ಕೈಕೆಲಸ ಅಮೆರಿಕದ ಅಂಚೆಚೀಟಿಗಳ ಮೇಲೂ ಬಂತು. ಎರಡು ಖಂಡಗಳಲ್ಲಿ ಚದುರಿಹೋದ ಜನ ಹಳೆಯ ಬಟ್ಟೆ ಕೂಡಿಸಿ ಹೊದೆದದ್ದನ್ನು ನೋಡಿದರೆ, ಊರು ಬಿಟ್ಟು ಬಂದವರಿಗೆ ಸೂಜಿ-ದಾರ ಎಂಥ ಆಸರೆ ಎಂಬುದು ತಿಳಿಯುತ್ತದೆ.

ಊರು ಬಿಟ್ಟು ಬಂದವರ ಸಾಲಿನಲ್ಲಿ ನಾವೂ ಇದ್ದೇವೆ ತಾನೇ? ನಮ್ಮ ಕಪಾಟುಗಳನ್ನೇ ನೋಡಿ. ಅಜ್ಜಿಯ ಕಾಲದ ಇಳಕಲ್ ಸೀರೆ ಇರುತ್ತದೆ. ಅಮ್ಮ ಇಲ್ಲಿಗೆ ಬಂದ ಮೇಲೆ ಕೊಂಡ ಮಧುರೆಯ ಸುಂಗುಡಿ, ಚೆಟ್ಟಿನಾಡಿನ ಕಂಡಾಂಗಿ ಇರುತ್ತವೆ. ಆ ಸುಂಗುಡಿಯ ಚುಕ್ಕಿ ಕಟ್ಟುವ ಕಲೆಯನ್ನು ಬೆಳೆಸಿದವರು ಸೌರಾಷ್ಟ್ರದಿಂದ ವಲಸೆ ಬಂದು ಮಧುರೆಯಲ್ಲಿ ನೆಲೆಸಿದ ಸಮುದಾಯ. ಇಳಕಲ್ ಮತ್ತು ಸುಂಗುಡಿ ಅಕ್ಕಪಕ್ಕ ಕೂತ ಕೌದಿ ಚೆನ್ನೈ ಕನ್ನಡಿಗರ ಮನೆಯಲ್ಲಲ್ಲದೆ ಇನ್ನೆಲ್ಲಿ ಹುಟ್ಟೀತು!

ಕತ್ತರಿ ಹಿಡಿಯುವ ಮೊದಲು

ಮೊದಲ ನಿಯಮ: ಕೇಳದೆ ಕತ್ತರಿಸಬೇಡಿ. ನಿಮಗೆ ಹಳೆಯ ಬಟ್ಟೆಯಾಗಿ ಕಾಣುವುದು ಅಜ್ಜಿಗೆ ಸೀಮಂತದ ಸೀರೆಯಾಗಿರಬಹುದು. ಕೆಲವು ಮನೆಗಳಲ್ಲಿ ತೀರಿಕೊಂಡವರ ಬಟ್ಟೆಯನ್ನು ಕೂಸಿಗೆ ಬಳಸುವುದಿಲ್ಲ, ಇನ್ನು ಕೆಲವರಿಗೆ ಅದೇ ಆಶೀರ್ವಾದ. ನಿಮ್ಮ ಮನೆಯ ಹಿರಿಯರು ಹೇಳಿದಂತೆ ನಡೆಯಿರಿ. ಗಟ್ಟಿಯಾಗಿರುವ ಇಳಕಲ್ಲನ್ನೂ ಜರಿಯ ರೇಷ್ಮೆಯನ್ನೂ ಮುಟ್ಟಬೇಡಿ. ಹರಿದದ್ದು, ಸವೆದದ್ದು, ಇನ್ನು ಉಡಲಾಗದು ಎಂದು ಅವರೇ ಕೈಗಿತ್ತದ್ದು ಮಾತ್ರ ಸಾಕು.

ಎರಡನೆಯದು: ನೂಲೋ ಅಲ್ಲವೋ ನೋಡಿ. ಅಂಚಿನಿಂದ ಒಂದೆಳೆ ಕಿತ್ತು, ದೊಡ್ಡವರು ಹತ್ತಿರವಿದ್ದಾಗ, ಇಕ್ಕಳದಲ್ಲಿ ಹಿಡಿದು ಬೆಂಕಿಗೆ ತೋರಿಸಿ. ಹತ್ತಿಯಾದರೆ ಕಾಗದದಂತೆ ಉರಿದು ಬೂದಿಯಾಗುತ್ತದೆ. ಪಾಲಿಯೆಸ್ಟರ್ ಆದರೆ ಕರಗಿ ಗಟ್ಟಿ ಗುಂಡಾಗುತ್ತದೆ. ಕೌದಿಗೆ ಹತ್ತಿಯೇ ಸರಿ. ಈ ಊರಿನ ಸೆಕೆಗೆ ಬೆವರು ಹೀರುವುದೂ ಅದೇ.

ಮೂರನೆಯದು: ಬಣ್ಣ. ಒದ್ದೆ ಮಾಡಿದ ಬಿಳಿ ಬಟ್ಟೆಯಿಂದ ಸೀರೆಯ ಒಂದು ಮೂಲೆಯನ್ನು ಉಜ್ಜಿ. ಬಣ್ಣ ಹತ್ತಿದರೆ ಆ ತುಂಡನ್ನು ಬಿಳಿಯ ಪಕ್ಕದಲ್ಲಿ ಇಡಬೇಡಿ. ಬಣ್ಣ ಬಿಡುವುದಕ್ಕೂ ನಮ್ಮ ಊರಿಗೂ ಹಳೆಯ ನಂಟು! ಇಲ್ಲಿಂದ ಹೋದ 'ಮದ್ರಾಸ್ ಚೆಕ್ಸ್' ಬಟ್ಟೆ 1950ರ ದಶಕದ ಕೊನೆಯಲ್ಲಿ ಅಮೆರಿಕದಲ್ಲಿ ಒಗೆದಾಗ ಬಣ್ಣ ಬಿಟ್ಟು ದೊಡ್ಡ ತಕರಾರಾಯಿತು. ಜಾಣ ವ್ಯಾಪಾರಿಗಳು ಅದನ್ನೇ ಹೆಚ್ಚುಗಾರಿಕೆ ಮಾಡಿದರು. ಒಗೆದಂತೆಲ್ಲ ಹೊಸ ಬಣ್ಣ ತಾಳುವ ಬಟ್ಟೆ ಎಂದು ಜಾಹೀರಾತು ಕೊಟ್ಟು ಮಾರಿದರು. ಆದರೆ ಕೂಸಿನ ಕೌದಿಗೆ ಆ ಜಾಣತನ ನಡೆಯದು.

ಬಟ್ಟೆಯನ್ನು ಬಿಸಿನೀರಿನಲ್ಲಿ ನೆನೆಸಿ ಗಂಜಿ ಪೂರ್ತಿ ಹೋಗುವಂತೆ ಒಗೆದು, ಒಣಗಿಸಿ, ಇಸ್ತ್ರಿ ಮಾಡಿ. ಸೀರೆಗೆ ಫಾಲ್ ಹೊಲಿದಿದ್ದರೆ ಬಿಚ್ಚಿ ತೆಗೆಯಿರಿ. ಮನೆಯಲ್ಲಿ ಸಾಕಷ್ಟು ಬಣ್ಣದ ತುಂಡುಗಳಿಲ್ಲದಿದ್ದರೆ ಬೀದಿ ಕೊನೆಯ ಟೈಲರ್ ಅಂಗಡಿಯಲ್ಲಿ ಕೇಳಿ, ರವಿಕೆ ಕತ್ತರಿಸಿ ಉಳಿದ ಚೂರುಗಳು ಚೀಲದ ತುಂಬ ಸಿಗುತ್ತವೆ. ಕೊಂಡೇ ತರಬೇಕೆಂದರೆ ಜಾರ್ಜ್ ಟೌನಿನ ಗೋಡೌನ್ ಸ್ಟ್ರೀಟ್ ಇದ್ದೇ ಇದೆ.

ಉಡುಗೊರೆ ಒಂದು: ಕೂಸಿನ ಕೌದಿ

ಸಾಮಾನ್ಯ ಸೀರೆ ಸುಮಾರು 5 ಮೀಟರ್ ಉದ್ದ, 45 ಅಂಗುಲ ಅಗಲ ಇರುತ್ತದೆ. ಉದ್ದವನ್ನು ನಾಲ್ಕು ಸಮ ಭಾಗ ಮಾಡಿದರೆ 49 ಅಂಗುಲಕ್ಕೆ 45 ಅಂಗುಲದ ನಾಲ್ಕು ತುಂಡು. ಅಂದರೆ ಒಂದೇ ಸೀರೆಯಲ್ಲಿ ನಾಲ್ಕು ಪದರದ ಕೌದಿ ಸಿದ್ಧ! ಹೆಚ್ಚು ಸವೆದ ಎರಡು ತುಂಡುಗಳನ್ನು ಒಳಗಿಡಿ, ಚೆಂದದವು ಮೇಲೆ ಕೆಳಗೆ ಬರಲಿ.

ನೆಲ ಒರೆಸಿ, ಚಾಪೆಯ ಮೇಲೆ ಪದರಗಳನ್ನು ಸುಕ್ಕಿಲ್ಲದಂತೆ ಹಾಸಿ. ಅಂಚುಗಳನ್ನು ಒಳಕ್ಕೆ ಮಡಿಸಿ ಪಿನ್ನು ಹಾಕಿ. ಬೇರೆ ಬಣ್ಣದ ದಾರದಿಂದ ನಡುವಿನಿಂದ ಹೊರಕ್ಕೆ ಕಚ್ಚಾ ಹೊಲಿಗೆ ಹಾಕಿ. ನಡುವಿನಿಂದಲೇ ಏಕೆಂದರೆ ಸುಕ್ಕು ಹೊರಕ್ಕೆ ಸರಿದು ಹೋಗಬೇಕು. ಮೇಲೆ ಬಣ್ಣದ ತುಂಡುಗಳು ಬೇಕಿದ್ದರೆ ಅವುಗಳ ಅಂಚನ್ನೂ ಮಡಿಸಿ ಈಗಲೇ ಕೂಡಿಸಿ.

ಈಗ ನಿಜವಾದ ಹೊಲಿಗೆ. ಸಾದಾ ರನ್ನಿಂಗ್ ಸ್ಟಿಚ್, ಬೇರೇನೂ ಬೇಡ. ದಪ್ಪ ಹತ್ತಿ ದಾರ, ಉದ್ದನೆಯ ಸೂಜಿ. ದಾರ ನಿಮ್ಮ ತೋಳಿಗಿಂತ ಉದ್ದವಿದ್ದರೆ ಗಂಟು ಬೀಳುತ್ತದೆ. ಗಂಟನ್ನು ಪದರಗಳ ಒಳಗೆ ಅಡಗಿಸಿ. ಅಂಚಿನಿಂದ ಹೊರಟು, ಒಂದೂವರೆ ಅಂಗುಲದ ಅಂತರದಲ್ಲಿ ಸುತ್ತು ಸುತ್ತಾಗಿ ಒಳಕ್ಕೆ ಬನ್ನಿ. ನಡುವಿಗೆ ಬಂದಾಗ ಕೌದಿ ಮುಗಿಯಿತು. ಆಮೇಲೆ ಕಚ್ಚಾ ಹೊಲಿಗೆ ಬಿಚ್ಚಿ.

ಲೆಕ್ಕ ನೋಡಿ. ಈ ಅಳತೆಗೆ ಹೊಲಿಗೆಯ ಸಾಲು ಒಟ್ಟು ಸುಮಾರು 37 ಮೀಟರ್ ಆಗುತ್ತದೆ. ಅಂಗುಲಕ್ಕೆ ನಾಲ್ಕು ಹೊಲಿಗೆ ಎಂದರೂ ಹತ್ತಿರ ಹತ್ತಿರ 6,000 ಹೊಲಿಗೆ. ಗಂಟೆಗೆ 3 ಮೀಟರ್ ಕೈ ಓಡಿದರೆ 12 ಗಂಟೆಯ ಕೆಲಸ. ದಿನಕ್ಕೆ ಅರ್ಧ ಗಂಟೆಯಂತೆ 25 ದಿನ. ಡಿಸೆಂಬರ್ ನಡುವಿನಲ್ಲಿ ಆರಂಭಿಸಿದರೆ ಸಂಕ್ರಾಂತಿಗೆ ಕೈಯಲ್ಲಿ ಕೌದಿ! ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ ಎಂದು ಸುಮ್ಮನೆ ಹೇಳಿದ್ದಾರೆಯೇ?

ಒಂದು ಎಚ್ಚರಿಕೆ: ದಿನವೂ ಕೂರುವಾಗ ಮತ್ತು ಏಳುವಾಗ ಸೂಜಿ, ಪಿನ್ನುಗಳನ್ನು ಎಣಿಸಿ. ಕೂಸಿನ ಬಟ್ಟೆಯಲ್ಲಿ ಒಂದು ಪಿನ್ನೂ ಉಳಿಯಬಾರದು. ಗುಂಡಿ, ಮಣಿ, ಕನ್ನಡಿ ಯಾವುದೂ ಬೇಡ.

ಉಡುಗೊರೆ ಎರಡು: ಎಳ್ಳು ಬೀರುವ ಚೀಲ

ಎಳ್ಳು-ಬೆಲ್ಲವನ್ನು ಪ್ಲಾಸ್ಟಿಕ್ ಪೊಟ್ಟಣದಲ್ಲಿ ಹಂಚುವ ಬದಲು ಈ ಪುಟ್ಟ ಚೀಲಗಳಲ್ಲಿ ಹಂಚಿ. 7 ಅಂಗುಲ ಅಗಲ, 16 ಅಂಗುಲ ಉದ್ದದ ತುಂಡನ್ನು ಒಳಮೈ ಹೊರಗೆ ಬರುವಂತೆ ಅರ್ಧಕ್ಕೆ ಮಡಿಸಿ. ಎರಡೂ ಪಕ್ಕ ಅರ್ಧ ಅಂಗುಲ ಬಿಟ್ಟು ಹೊಲಿಯಿರಿ. ಆದರೆ ಮೇಲಿನ ಎರಡು ಅಂಗುಲವನ್ನು ಹಾಗೇ ಬಿಡಿ. ಬಿಟ್ಟ ಆ ಪಕ್ಕದ ಅಂಚುಗಳನ್ನು ಸಣ್ಣಗೆ ಮಡಿಸಿ ಹೊಲಿದು, ಬಾಯಿಯ ಅಂಚನ್ನು ಒಂದು ಅಂಗುಲ ಒಳಕ್ಕೆ ಮಡಿಸಿ ಲಾಡಿ ಹೋಗಲು ದಾರಿ ಮಾಡಿ. ತಿರುಗಿಸಿ ಲಾಡಿ ಪೋಣಿಸಿದರೆ ಚೀಲ ಸಿದ್ಧ. ಸೀರೆಯ ಅಂಚು ಬಾಯಿಯ ಕಡೆಗೆ ಬರುವಂತೆ ಕತ್ತರಿಸಿದರೆ ಅಲಂಕಾರವೇ ಬೇಡ. ಎಳ್ಳು ಮುಗಿದ ಮೇಲೆ ಇಯರ್‌ಫೋನು, ಚಾರ್ಜರು ಇಡಲು ಅದೇ ಚೀಲ.

ಉಡುಗೊರೆ ಮೂರು: ಮಸಿಬಟ್ಟೆ

ಬಿಸಿ ಪಾತ್ರೆ ಇಳಿಸುವ ಬಟ್ಟೆಗೆ ಕನ್ನಡದಲ್ಲಿ 'ಮಸಿಬಟ್ಟೆ' ಎಂಬ ಸೊಗಸಾದ ಹೆಸರಿದೆ. ಸೌದೆ ಒಲೆಯ ಮಸಿ ಹೋಗಿ ದಶಕಗಳಾದರೂ ಹೆಸರು ಹೋಗಿಲ್ಲ! 7 ಅಂಗುಲ ಚೌಕದ ಎಂಟು ಪದರ, ಸುತ್ತಲೂ ಅಂಚು ಮಡಿಸಿ, ಒಂದು ಬೆರಳು ಅಂತರದಲ್ಲಿ ಅಡ್ಡಡ್ಡ, ಉದ್ದುದ್ದ ಹೊಲಿಗೆ. ಒಂದು ಮೂಲೆಗೆ ಮೊಳೆಗೆ ನೇತುಹಾಕಲು ಕುಣಿಕೆ. ಇದಕ್ಕೆ ಮಾತ್ರ ಅಪ್ಪಟ ಹತ್ತಿಯೇ ಬೇಕು. ಪಾಲಿಯೆಸ್ಟರ್ ಬಿಸಿಗೆ ಕರಗಿ ಕೈ ಸುಡುತ್ತದೆ. ಹಾಸ್ಟೆಲಿನಲ್ಲೋ ಬಾಡಿಗೆ ಮನೆಯಲ್ಲೋ ಹೊಸದಾಗಿ ಅಡುಗೆ ಕಲಿಯುತ್ತಿರುವ ಅಣ್ಣ, ಅಕ್ಕನಿಗೆ ಇದಕ್ಕಿಂತ ಒಳ್ಳೆಯ ಉಡುಗೊರೆ ಉಂಟೇ?

ಅಂದ ಹಾಗೆ, ಇದೆಲ್ಲ ಹುಡುಗಿಯರ ಕೆಲಸ ಎಂದು ಮೂಗು ಮುರಿಯುವ ಹುಡುಗರಿಗೆ ಒಂದು ಮಾತು. ನಿಮ್ಮ ಪ್ಯಾಂಟು ಹೊಲಿದುಕೊಟ್ಟ ಟೈಲರ್ ಯಾರು? ಗಂಡಸು ತಾನೇ!

ಹೆಸರು ಹೊಲಿಯಿರಿ

ಹಳೆಯ ಕೌದಿಗಳಲ್ಲಿ ಹೊಲಿದವರ ಹೆಸರು ಇರುವುದೇ ಅಪರೂಪ. ಯಾರ ಸೀರೆ, ಯಾರ ಕೈ, ಯಾವ ವರ್ಷ ಎಂಬುದು ಅಜ್ಜಿಯ ಬಾಯಲ್ಲಿ ಮಾತ್ರ ಉಳಿದಿರುತ್ತದೆ. ಅಜ್ಜಿಯ ನಂತರ ಅದು ಬರಿಯ ಹಳೆ ಹೊದಿಕೆ. ಮನೆ ಬದಲಿಸುವಾಗ ಮೊದಲು ಹೊರಗೆ ಬೀಳುವುದೂ ಅದೇ. ಅದಕ್ಕೇ ನಿಮ್ಮ ಕೌದಿಯ ಹಿಂದಿನ ಮೂಲೆಯಲ್ಲಿ ಒಂದು ಅಂಗೈಯಗಲದ ಬಿಳಿ ಬಟ್ಟೆ ಕೂಡಿಸಿ, ಮೂರು ಸಾಲು ಹೊಲಿಯಿರಿ: ಸೀರೆ ಯಾರದು, ಹೊಲಿದವರು ಯಾರು, ವರ್ಷ ಯಾವುದು. ಕನ್ನಡದಲ್ಲೇ ಹೊಲಿಯಿರಿ. ಪೆನ್ಸಿಲಿನಿಂದ ಬರೆದುಕೊಂಡು ಅದರ ಮೇಲೆ ಸೂಜಿ ಓಡಿಸಿದರಾಯಿತು. ಮನೆಯಲ್ಲಿ ಕನ್ನಡ ಮಾತಾಡಿಯೂ ಬರೆಯಲು ಬಾರದವರು ನಿಮ್ಮಲ್ಲಿ ಎಷ್ಟು ಮಂದಿ ಇದ್ದೀರಿ ಎಂದು ನನಗೆ ಗೊತ್ತು! ನೂಲಿನಲ್ಲಿ ಬರೆದ ಅಕ್ಷರ ಕೈ ಮರೆಯುವುದಿಲ್ಲ. ಹೊಲಿಯಲು ಕೂತಾಗ ಪಕ್ಕದಲ್ಲಿ ಅಜ್ಜಿಯನ್ನೋ ಅತ್ತೆಯನ್ನೋ ಕೂರಿಸಿಕೊಳ್ಳಿ. ಅವರು ಊರಿನಲ್ಲಿದ್ದರೆ ಫೋನಿನಲ್ಲಾದರೂ ಮಾತಿಗೆ ಎಳೆಯಿರಿ. ಕೈ ಕೆಲಸದಲ್ಲಿದ್ದಾಗ ಹಿರಿಯರ ಬಾಯಿಂದ ಬರುವ ಮಾತು, "ಅಜ್ಜೀ, ನಿಮ್ಮ ಕಥೆ ಹೇಳಿ" ಎಂದು ಎದುರು ಕೂತು ಕೇಳಿದರೆ ಬರುವುದಿಲ್ಲ.

ಒಂದೊಂದು ಹೊಲಿಗೆಗೂ ಎಂಥ ಬೆಲೆ ಇರಬಲ್ಲದು ಎಂಬುದಕ್ಕೆ ಸುಧಾ ಮೂರ್ತಿಯವರು 2017ರಲ್ಲಿ ಪ್ರಕಟಿಸಿದ 'ಥ್ರೀ ಥೌಸಂಡ್ ಸ್ಟಿಚಸ್' ಪುಸ್ತಕದ ಹೆಸರೇ ಸಾಕ್ಷಿ. ಉತ್ತರ ಕರ್ನಾಟಕದಲ್ಲಿ ದೇವದಾಸಿ ಪದ್ಧತಿಯಿಂದ ಹೊರಬಂದ ಮಹಿಳೆಯರು ಅವರಿಗೆ ಒಂದು ಹೊದಿಕೆ ಕೊಟ್ಟರು. ಮೂರು ಸಾವಿರ ಮಂದಿ, ಒಬ್ಬೊಬ್ಬರದು ಒಂದೊಂದು ಹೊಲಿಗೆ. ದುಡ್ಡು ಕೊಟ್ಟು ಕೊಳ್ಳಲಾಗದ ಉಡುಗೊರೆ ಎಂದರೆ ಇದೇ.

ಇನ್ನೊಂದು ಮಾತು. ಕೌದಿ ಹೊಲಿದೇ ಹೊಟ್ಟೆ ಹೊರೆಯುವ ಹೆಂಗಸರು ಇಂದಿಗೂ ಇದ್ದಾರೆ. ನೀವು ಹೊಲಿದದ್ದು ಪುಟ್ಟದು, 12 ಗಂಟೆಯ ಕೆಲಸ. ದೊಡ್ಡವರು ಹೊದೆಯುವ ಕೌದಿಯಲ್ಲಿ ಸಾಲುಗಳು ಇನ್ನೂ ಒತ್ತಾಗಿ, ಅಗಲ ಎರಡರಷ್ಟಾಗಿ ಇರುತ್ತವೆ. ಅದಕ್ಕೆ ಎಷ್ಟು ದಿನ ಹಿಡಿದೀತು, ನೀವೇ ಲೆಕ್ಕ ಹಾಕಿ. ಮುಂದೆ ಯಾವುದಾದರೂ ಕರಕುಶಲ ಮೇಳದಲ್ಲಿ ಕೌದಿ ಕಂಡಾಗ "ಹಳೆ ಬಟ್ಟೆಗೆ ಇಷ್ಟು ರೇಟಾ?" ಎಂದು ಚೌಕಾಸಿಗೆ ಇಳಿಯುವ ಮೊದಲು ನಿಮ್ಮ ಬೆರಳಿನ ತುದಿಯನ್ನೊಮ್ಮೆ ನೋಡಿಕೊಳ್ಳಿ. ಬಟ್ಟೆ ಹಳೆಯದೇ, ಆದರೆ ಬೆಲೆ ಇರುವುದು ಕೈಗೆ.

ಎಲ್ಲರೂ ಸೇರಿ ಒಂದು

ಕೊನೆಗೊಂದು ಸಲಹೆ. 11 ಅಂಗುಲ ಚೌಕದ ಒಂದು ತುಂಡನ್ನು ನೀವೊಬ್ಬೊಬ್ಬರೂ ತಯಾರು ಮಾಡಿ. ನಿಮ್ಮ ಮನೆಯ ಸೀರೆಯ ಬಟ್ಟೆ, ಅದರ ಮೇಲೆ ನಿಮ್ಮ ಹೆಸರಿನ ಮೊದಲ ಕನ್ನಡ ಅಕ್ಷರ. ಸುತ್ತ ಅರ್ಧ ಅಂಗುಲ ಹೊಲಿಗೆಗೆ ಹೋದರೆ 10 ಅಂಗುಲ ಉಳಿಯುತ್ತದೆ. ನಲವತ್ತು ಮಂದಿ ಕೂಡಿದರೆ ಐದು ಸಾಲು ಎಂಟರಂತೆ 50 ಅಂಗುಲಕ್ಕೆ 80 ಅಂಗುಲದ ಪೂರಾ ಕೌದಿ! ಅದನ್ನು ಯಾವುದಾದರೂ ವೃದ್ಧಾಶ್ರಮದಲ್ಲಿರುವ ಹಿರಿಯ ಜೀವಕ್ಕೆ ಸಂಕ್ರಾಂತಿಯಂದು ಹೊದಿಸಿ ಬರೋಣ. ತುಂಡುಗಳನ್ನು ಸಂಘದ ಕಚೇರಿಯಲ್ಲಿ ಕೊಟ್ಟರೆ ಕೂಡಿಸುವ ಜವಾಬ್ದಾರಿ ನನ್ನದು.

ಹೊಲಿದ ಕೌದಿಯನ್ನು ಒಗೆದಾಗಲೆಲ್ಲ ಬಿಸಿಲಿನಲ್ಲಿ ಚೆನ್ನಾಗಿ ಒಣಗಿಸಿ. ಕಡಲೂರಿನ ಗಾಳಿಯಲ್ಲಿ ತೇವವಿದ್ದರೆ ಬೂಸು ಹಿಡಿಯುವುದು ಖಂಡಿತ. ಎತ್ತಿಡುವಾಗ ಮಡಿಕೆಯ ನಡುವೆ ಒಣಗಿದ ಬೇವಿನ ಎಲೆ ಇರಲಿ. ಹರಿದರೆ ಎಸೆಯಬೇಡಿ, ಮೇಲೆ ಇನ್ನೊಂದು ತೇಪೆ ಹಾಕಿ. ಕೌದಿ ಬೆಳೆಯುವುದೇ ಹಾಗೆ.

ಈ ವರ್ಷ ಭೋಗಿಯ ರಾಶಿ ಕಟ್ಟುವಾಗ ಒಂದು ಸೀರೆಯನ್ನಾದರೂ ಪಕ್ಕಕ್ಕೆ ಎತ್ತಿಡಿ. ಮುಂದಿನ ಸಂಚಿಕೆಯಲ್ಲಿ ಎಳೆ ಎಣಿಸಿ ಹಾಕುವ ನಮ್ಮ ಧಾರವಾಡದ ಕಸೂತಿಯ ಗವಂತಿ, ಮುರ್ಗಿ ಹೊಲಿಗೆಗಳನ್ನು ಕಲಿಯೋಣ. ಅಲ್ಲಿಯವರೆಗೆ ನಿಮ್ಮ ಸೂಜಿಗೆ ದಾರ ಬೇಗ ಪೋಣಿಸಲಿ!

ಎಲ್ಲರಿಗೂ ಸಂಕ್ರಾಂತಿಯ ಶುಭಾಶಯಗಳು. ಎಳ್ಳು-ಬೆಲ್ಲ ತಿಂದು ಒಳ್ಳೆಯ ಮಾತಾಡೋಣ.